ಹಿಡಿಕೆ

ಗೆರಾಲ್ಟನ ಗಾಡಿ ಹೋದದ್ದು ಮಾರ್ಚಿನಲ್ಲಿ, ಕುರಿ ಈಯುವ ಕಾಲ,
ಲಾಟೀನು ಹಿಡಿದು ಅವನು ಕೊಟ್ಟಿಗೆಯಲ್ಲಿರುವಾಗಲೇ.
ಅಂಗಳದಲ್ಲಿ ಉಳಿದದ್ದು ಎಣ್ಣೆಯ ಕಲೆ,
ಮತ್ತೆ ಗಾಡಿಯಷ್ಟೇ ಉದ್ದಗಲದ ಒಣನೆಲ.
ಬೆಳಗಾಗುವುದರೊಳಗೆ ಮಳೆ ಅದನ್ನೂ ಒಯ್ದಿತು.

ಆವತ್ತಿನಿಂದ ನನ್ನ ಗಂಡನಿಗೆ ನಿದ್ದೆಯಿಲ್ಲ.
ನಮ್ಮದು ಅರವತ್ತೆಂಟರ ಲ್ಯಾಂಡ್ ರೋವರ್.
ಬಾಗಿಲು ಹಾಕಿದರೂ ಗಾಳಿ ಒಳಗೇ ಕೂತಿರುತ್ತದೆ,
ಮೈಗೆ ಪಾಚಿಹಸಿರು ಬಣ್ಣ, ಬಣ್ಣದ ಮೇಲೆ ನಿಜವಾದ ಪಾಚಿ.
ಇದನ್ನು ಯಾರು ಕದಿಯುತ್ತಾರೆ ಎಲ್ವಿನ್, ಎಂದೆ.
ಹೆತ್ತವರೆದುರು ಕೂಸಿನ ಮೂಗು ಸೊಟ್ಟ ಅಂದವಳನ್ನು
ನೋಡುವಂತೆ ನೋಡಿದ.

ಮೊದಲು ಸರಪಳಿ ಬಂತು, ಸ್ಟೀರಿಂಗಿನಿಂದ ಸೀಟಿನ ಕಾಲಿಗೆ.
ಆಮೇಲೆ ಗೇಟಿನ ಮೇಲಿನ ತಿರುಗಣೆಯನ್ನು ತಲೆಕೆಳಗು ಮಾಡಿದ,
ಯಾರೂ ಎತ್ತಿ ಕಳಚಲಾಗದಂತೆ.
ಬಾಗಿಲ ಬೋಲ್ಟುಗಳ ತಲೆಯನ್ನು ಅರದಿಂದ ಉಜ್ಜಿ ನುಣ್ಣಗಾಗಿಸಿದ,
ಈಗ ಬಿಚ್ಚಲು ಅವನಿಗೂ ಬರುವುದಿಲ್ಲ.
ಎರಡು ಹೆಬ್ಬಾತು ತಂದ. ಅವು ಪೋಸ್ಟಿನವನನ್ನು ಕಚ್ಚಿದವು,
ನನ್ನನ್ನು ಕಚ್ಚಿದವು,
ನರಿ ಬಂದ ರಾತ್ರಿ ಮಾತ್ರ ತೆಪ್ಪಗಿದ್ದವು.

ಕತ್ತಲಾದರೆ ಬಾನೆಟ್ ಎತ್ತಿ
ರೋಟರ್ ಕಿತ್ತು ಜೇಬಿಗಿಳಿಸುತ್ತಿದ್ದ.
ಹೆಬ್ಬೆರಳಷ್ಟು ಕಂದು ಚೂರು, ಅದಿಲ್ಲದೆ ಕಿಡಿಯಿಲ್ಲ.
ಅದೂ ಸಾಲದೆ ಒಂದು ಗುಟ್ಟಿನ ಸ್ವಿಚ್ಚು.
ಎಲ್ಲಿ ಅಂತ ನನಗೂ ಹೇಳಲಿಲ್ಲ.
ಗೊತ್ತಿಲ್ಲದವಳ ಬಾಯಿ ಬಿಡಿಸಲಾರರು, ಅಂದ,
ಕಳ್ಳರು ನನ್ನನ್ನು ಕುರ್ಚಿಗೆ ಕಟ್ಟಿ ವಿಚಾರಿಸುವವರಂತೆ.

ಜನವರಿಯ ಮಂಜುಗಡ್ಡೆಯ ಮೇಲೆ ಜಾರಿದ. ಸೊಂಟದ ಮೂಳೆ.
ಆಂಬುಲೆನ್ಸು ಬ್ಯಾಂಗರಿಗೆ ಒಯ್ದಿತು, ಜೇಬಿನ ರೋಟರ್ ಸಮೇತ.
ನರ್ಸು ಅದನ್ನು ಹಲ್ಲುಸೆಟ್ಟಿನ ಪಕ್ಕದಲ್ಲಿಟ್ಟಿದ್ದಾಳಂತೆ,
ಕಿವಿಯ ಮೆಷಿನ್ನಿನದು ಅಂದುಕೊಂಡು.

ಮೂರನೆಯ ದಿನ ಹಿಮ.
ಮೇಲಿನ ಗುಡ್ಡದಲ್ಲಿ ಎಂಬತ್ತು ಗಬ್ಬದ ಕುರಿ,
ಮೇವು ಕೆಳಗೆ, ನಾನು ನಡುವೆ.
ಗೆರಾಲ್ಟ್ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದ.
ಗಾಡಿ ಹೋಗಿತ್ತು, ಅದರ ಬಿಡಿಭಾಗಗಳು ಹೋಗಿರಲಿಲ್ಲ.
ತಳ ಕೆದಕಿ ರೋಟರ್ ತೆಗೆದ,
ಕೊಡುವ ಮೊದಲು ತೋಳಿಗೆ ಒರೆಸಿದ,
ಮತ್ತೊಮ್ಮೆ ಒರೆಸಿದ.

ಸ್ವಿಚ್ಚಿಗಾಗಿ ಫೋನು ಮಾಡಿದೆ.
ಇಲ್ಲಿ ಗೋಡೆಗಷ್ಟೇ ಅಲ್ಲ, ಹಾಸಿಗೆಗೂ ಕಿವಿ, ಅಂದ ಪಿಸುದನಿಯಲ್ಲಿ.
ವೆಲ್ಷಿನಲ್ಲಿ ಹೇಳು.
ಪಕ್ಕದವನು ಆಂಗಲ್‌ಸಿಯವನು,
ಅವನ ವೆಲ್ಷು ನನ್ನದಕ್ಕಿಂತ ಚೆನ್ನಾಗಿದೆ.
ಎಲ್ವಿನ್, ಕುರಿಗಳು ಕೂಗುತ್ತಿವೆ.
ಸುಮ್ಮನಾದ. ಟ್ರಾಲಿಯ ಗಾಲಿ ಕೇಳಿಸಿತು, ಯಾರೋ ಕೆಮ್ಮಿದರು.
ನೆಸ್ಟಾ ಹುಟ್ಟಿದ ರಾತ್ರಿ, ಅಂದ ಕೊನೆಗೆ,
ಇಳಿಜಾರಿನುದ್ದಕ್ಕೂ ನೀನು ಹಿಡಿದುಕೊಂಡದ್ದು ಏನು?

ಎಡಗಡೆಯ ಸೀಟಿಗೆ ಹತ್ತಿದೆ.
ಡ್ಯಾಶ್‌ಬೋರ್ಡಿನಲ್ಲಿ ಅದೇ ಕಬ್ಬಿಣದ ಹಿಡಿಕೆ, ಮೂವತ್ತೆಂಟು ವರ್ಷದ ಹಿಂದಿನಷ್ಟೇ ತಣ್ಣಗೆ.
ಅವತ್ತು ಪ್ರತಿ ಕುಳಿಗೂ ಅವನು ಕ್ಷಮಿಸು, ಕ್ಷಮಿಸು ಅನ್ನುತ್ತಿದ್ದ,
ನನಗೋ ಗಾಡಿಗೋ ಇವತ್ತಿಗೂ ತಿಳಿಯದು.
ಹಿಡಿಕೆಯ ಬೆನ್ನಲ್ಲಿ, ನೋವು ಬಂದಾಗ ಬೆರಳ ತುದಿ
ಹೋಗಿ ಒತ್ತುವ ಜಾಗದಲ್ಲಿ,
ಕಡಲೆಕಾಳಿನಷ್ಟು ಗುಂಡಿ.

ಮೂರನೆಯ ಸಲಕ್ಕೆ ಹೊತ್ತಿಕೊಂಡಿತು.
ಹೆಬ್ಬಾತುಗಳು ಕತ್ತು ಚಾಚಿ ಗೇಟಿನವರೆಗೂ ಅಟ್ಟಿಸಿಕೊಂಡು ಬಂದವು,
ಕೊನೆಗೂ ಕಳ್ಳಿಯೊಬ್ಬಳು ಸಿಕ್ಕ ಖುಷಿಯಲ್ಲಿ.

ಸಂಜೆ ಗುಡ್ಡ ಇಳಿದು ಬಂದವಳು ಬಾನೆಟ್ ಎತ್ತಿ
ರೋಟರ್ ಬಿಚ್ಚಿಕೊಂಡೆ.
ಸ್ವಿಚ್ಚಿನ ತಂತಿ ಎಳೆದು, ಗೆರಾಲ್ಟನಿಗೆ ಬೆನ್ನು ಮಾಡಿ ನಿಲ್ಲಲು ಹೇಳಿ,
ಬೇರೆ ಕಡೆ ಕೂರಿಸಿದೆ.

ಎಲ್ಲಿ ಅಂತ ಮನೆಗೆ ಬಂದ ಮೇಲೆ ಅವನು ಕೇಳಲಿ.
ನಾನೂ ಒಂದು ಒಗಟು ಯೋಚಿಸಿಟ್ಟಿದ್ದೇನೆ.